ಹಾಸಿಗೆಯಿಂದ ಬೆಂಚಿನವರೆಗೆ: ಹಳೆಯ ವಸತಿ ಸಮುಚ್ಚಯವನ್ನು ಹಿರಿಯರಿಗೂ ಒಗ್ಗುವಂತೆ ಸರಿಪಡಿಸುವುದು ಹೇಗೆ?

"ಕಟ್ಟಡಕ್ಕೂ ವಯಸ್ಸಾಯಿತು, ಒಳಗಿರುವವರಿಗೂ ವಯಸ್ಸಾಯಿತು. ರಿಪೇರಿ ಎಲ್ಲಿಂದ ಶುರು ಮಾಡೋಣ?" ಓದುಗರಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇದೆ. ಕೇಳುವವರಲ್ಲಿ ನಿವಾಸಿಗಳ ಸಂಘದವರಿದ್ದಾರೆ, ಎಂಜಿನಿಯರುಗಳಿದ್ದಾರೆ, ಅಪ್ಪ ಅಮ್ಮನನ್ನು ಮೂರನೇ ಮಹಡಿಯಲ್ಲಿ ಬಿಟ್ಟು ದೂರದಲ್ಲಿರುವ ಮಕ್ಕಳೂ ಇದ್ದಾರೆ. ಸುಮಾರು ಜನ ಪ್ರಶ್ನೆಯ ಜೊತೆಗೇ ಉತ್ತರವನ್ನೂ ತಂದಿರುತ್ತಾರೆ: ಸೆನ್ಸರ್, ಆ್ಯಪ್, ಕ್ಯಾಮೆರಾ. ನನ್ನ ಉತ್ತರ ಅವರಿಗೆ ಸ್ವಲ್ಪ ಸಪ್ಪೆ ಅನ್ನಿಸಬಹುದು. ಮೊದಲು ಮೆಟ್ಟಿಲು ನೋಡಿ. ಆಮೇಲೆ ಬಚ್ಚಲು. ಸ್ಮಾರ್ಟ್ ಸಾಮಾನು ಕೊನೆಗೆ.

ಇಲ್ಲಿ ಹೇಳುತ್ತಿರುವುದು ಸಾಮಾಜಿಕ ವಸತಿಯ ಬಗ್ಗೆ. ಅಂದರೆ ಸರ್ಕಾರವೋ, ನಗರಸಭೆಯೋ, ಸಹಕಾರ ಸಂಘವೋ ಕಡಿಮೆ ಆದಾಯದವರಿಗಾಗಿ ಕಟ್ಟಿದ ಮನೆಗಳು. ಎರಡನೇ ಮಹಾಯುದ್ಧದ ನಂತರದ ದಶಕಗಳಲ್ಲಿ ಇಂಥ ಮನೆಗಳನ್ನು ಅನೇಕ ದೇಶಗಳು ಸಾವಿರಗಟ್ಟಲೆ ಕಟ್ಟಿದವು. ಆಗ ಬೇಕಾಗಿದ್ದದ್ದು ಬೇಗ ಮತ್ತು ಅಗ್ಗ. ಅಲ್ಲಿಗೆ ಬಂದವರು ಚಿಕ್ಕ ಮಕ್ಕಳಿದ್ದ ಯುವ ದಂಪತಿಗಳು. ಅವರಲ್ಲೇ ಹಲವರು ಈಗ ಊರುಗೋಲು ಹಿಡಿದು ಅದೇ ಮೆಟ್ಟಿಲ ಮುಂದೆ ನಿಂತಿದ್ದಾರೆ.

ಶುರು ಮಾಡುವ ಮೊದಲು ಇಷ್ಟು ಕೈಯಲ್ಲಿರಲಿ: ಕಟ್ಟಡದ ಮೂಲ ನಕ್ಷೆ, ರಿಪೇರಿಯ ಹಳೆಯ ದಾಖಲೆ, ಒಂದು ಅಳತೆ ಟೇಪು, ಮತ್ತು ನಿಮ್ಮ ಜೊತೆ ನಡೆಯಲು ಒಪ್ಪುವ ನಾಲ್ಕೈದು ಹಿರಿಯರು. ಕೊನೆಯದು ಎಲ್ಲಕ್ಕಿಂತ ಮುಖ್ಯ.

ಹಂತ 1: ಹಿರಿಯರ ಜೊತೆ ಒಮ್ಮೆ ನಡೆಯಿರಿ

ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹಿರಿಯಸ್ನೇಹಿ ನಗರಗಳ ಬಗ್ಗೆ ಒಂದು ಕೈಪಿಡಿ ತಂದಿತು. 33 ನಗರಗಳ ಹಿರಿಯರನ್ನು ಕೇಳಿ ಮಾಡಿದ್ದು. ಅದರಲ್ಲಿ 8 ವಿಷಯಗಳಿವೆ: ಹೊರಗಿನ ಜಾಗ ಮತ್ತು ಕಟ್ಟಡ, ಸಾರಿಗೆ, ವಸತಿ, ಜನರೊಂದಿಗೆ ಬೆರೆಯುವುದು, ಗೌರವ, ಕೆಲಸ ಮತ್ತು ಊರಿನ ವ್ಯವಹಾರದಲ್ಲಿ ಪಾಲು, ಮಾಹಿತಿ, ಆರೋಗ್ಯ ಸೇವೆ. ಒಳ್ಳೆಯ ಪಟ್ಟಿಯೇ. ಆದರೆ ಅದನ್ನು ಹಿಡಿದು ಸಭೆ ಕರೆದರೆ ಸಭೆಯೇ ನಡೆಯುತ್ತದೆ, ಕೆಲಸ ನಡೆಯುವುದಿಲ್ಲ.

ಅದರ ಬದಲು ಒಬ್ಬ ಹಿರಿಯರ ಹಾಸಿಗೆಯ ಪಕ್ಕದಿಂದ ಹೊರಡಿ. ಹಾಸಿಗೆಯಿಂದ ಬಚ್ಚಲು, ಅಲ್ಲಿಂದ ಮುಂಬಾಗಿಲು, ಮೆಟ್ಟಿಲು, ಕಟ್ಟಡದ ದೊಡ್ಡ ಬಾಗಿಲು, ಹೊರಗಿನ ದಾರಿ, ಕೊನೆಗೆ ನೆರಳಲ್ಲಿರುವ ಬೆಂಚು. ಅವರು ಎಲ್ಲೆಲ್ಲಿ ನಿಂತರು, ಏನನ್ನು ಹಿಡಿದುಕೊಂಡರು, ಎಲ್ಲಿ ನೆಲ ನೋಡಿ ಹೆಜ್ಜೆ ಇಟ್ಟರು, ಬರೆದುಕೊಳ್ಳಿ. ಈ ದಾರಿ ಒಂದು ಸರಪಳಿ ಇದ್ದ ಹಾಗೆ. ಲಕ್ಷಗಟ್ಟಲೆ ಖರ್ಚು ಮಾಡಿ ಲಿಫ್ಟ್ ಹಾಕಿದರೂ ಬಾಗಿಲ ಹೊರಗೆ ಎರಡು ಮೆಟ್ಟಿಲು ಉಳಿದರೆ ವೀಲ್‌ಚೇರಿನವರು ಮನೆಯಲ್ಲೇ ಉಳಿದ ಹಾಗೆ.

ಒಂದೇ ಸಲ ನಡೆದು ಮುಗಿಸಬೇಡಿ. ಕತ್ತಲಾದ ಮೇಲೆ ಒಮ್ಮೆ, ಮಳೆ ಬಂದು ನಿಂತ ಮೇಲೆ ಒಮ್ಮೆ ನಡೆಯಿರಿ. ಕಣ್ಣು ಮಂಜಾದವರು, ಕಿವಿ ಕೇಳದವರು, ಕೈಗಾಡಿಯಲ್ಲಿ ಮಗುವನ್ನು ತಳ್ಳುವ ತಾಯಿ, ಆ ಊರಿನ ಭಾಷೆ ಬಾರದ ಬಾಡಿಗೆದಾರರು, ಇವರನ್ನೂ ಕರೆದುಕೊಳ್ಳಿ. ಮತ್ತೆ, ಸಭೆಗೆ ಬರುವ ಹಿರಿಯರು ಸಭೆಗೆ ಬರಲು ಆಗುವವರು. ನಿಮಗೆ ನಿಜವಾಗಿ ಬೇಕಾದವರು ಮನೆಯಿಂದ ಹೊರಗೆ ಬರಲಾಗದವರು. ಅವರ ಬಾಗಿಲು ನೀವೇ ತಟ್ಟಬೇಕು.

ಹಂತ 2: ಕೆಡವುವುದೋ, ಉಳಿಸುವುದೋ?

ಹಳೆಯದು ಅಂದ ಕೂಡಲೇ "ಕೆಡವಿ ಹೊಸದು ಕಟ್ಟೋಣ" ಅನ್ನುವವರು ಇದ್ದೇ ಇರುತ್ತಾರೆ. ಅಡಿಪಾಯವೇ ಕುಸಿದಿದ್ದರೆ ಬೇರೆ ಮಾತು. ಇಲ್ಲದಿದ್ದರೆ ನಾನು ಉಳಿಸುವ ಕಡೆ. ವಯಸ್ಸಾದವರಿಗೆ ಪಕ್ಕದ ಮನೆಯವರ ಪರಿಚಯವೇ ಅರ್ಧ ಆಸರೆ. ಕೆಡವಿದರೆ ಮೊದಲು ಒಡೆಯುವುದು ಅದೇ.

ಫ್ರಾನ್ಸಿನ ಬೋರ್ಡೊ ನಗರದ ಗ್ರಾಂಡ್ ಪಾರ್ಕ್ ಎಂಬಲ್ಲಿ 1960ರ ದಶಕದ ಮೂರು ಕಟ್ಟಡಗಳಿವೆ, ಒಟ್ಟು 530 ಮನೆ. ವಾಸ್ತುಶಿಲ್ಪಿಗಳಾದ ಆನ್ ಲಕಾಟೋನ್, ಜಾನ್ ಫಿಲಿಪ್ ವಸಾಲ್ ಮತ್ತು ಅವರ ಜೊತೆಗಾರರು ಅವನ್ನು ಕೆಡವಲಿಲ್ಲ. ಕಾರ್ಖಾನೆಯಲ್ಲಿ ತಯಾರಾದ ಭಾಗಗಳನ್ನು ಹೊರಗೋಡೆಗೆ ತಂದು ಜೋಡಿಸಿದರು. ಹಾಗೆ ಮನೆಮನೆಗೂ ಗಾಜಿನ ಮರೆಯಿರುವ ಒಂದು ಅಗಲವಾದ ಜಗಲಿ ಸಿಕ್ಕಿತು. ಕೆಲಸ ನಡೆಯುವಾಗ ಜನ ತಮ್ಮ ಮನೆಗಳಲ್ಲೇ ಇದ್ದರು. ಈ ಕೆಲಸಕ್ಕೆ 2019ರಲ್ಲಿ ಯುರೋಪಿನ ಮೀಸ್ ವಾನ್ ಡೆರ್ ರೋ ಪ್ರಶಸ್ತಿ ಬಂತು. ಲಕಾಟೋನ್ ಮತ್ತು ವಸಾಲ್ ಅವರಿಗೆ 2021ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿಯೂ ಬಂತು.

ಜನ ಒಳಗಿರುವಾಗ ಕೆಲಸ ಮಾಡುವುದು ಸುಲಭವಲ್ಲ, ನಿಜ. ದೂಳು, ಸದ್ದು, ನೀರು ನಿಲ್ಲುವುದು, ಎಲ್ಲ ಇರುತ್ತದೆ. ಅದಕ್ಕೇ ಗುತ್ತಿಗೆ ಪತ್ರದಲ್ಲೇ ಬರೆಸಿ: ಒಂದು ಮನೆಯೊಳಗೆ ಎಷ್ಟು ದಿನ ಕೆಲಸ, ಶೌಚಾಲಯ ಎಷ್ಟು ಗಂಟೆ ಬಂದ್, ಆ ಹೊತ್ತಿಗೆ ಬದಲಿ ವ್ಯವಸ್ಥೆ ಎಲ್ಲಿ. ಉಸಿರಾಟದ ತೊಂದರೆ ಇರುವವರಿಗೆ, ಮನೆಯಲ್ಲಿ ಆಕ್ಸಿಜನ್ ಯಂತ್ರ ಇಟ್ಟುಕೊಂಡವರಿಗೆ ಅದೇ ಸಮುಚ್ಚಯದಲ್ಲಿ ಖಾಲಿ ಮನೆಯೊಂದನ್ನು ಮೀಸಲಿಡಿ. ತಾತ್ಕಾಲಿಕವಾಗಿ ಬೇರೆ ಕಡೆ ಕಳಿಸಲೇಬೇಕಾದರೆ ವಾಪಸು ಬರುವ ಹಕ್ಕನ್ನೂ ಬಾಡಿಗೆಯನ್ನೂ ಕಾಗದದಲ್ಲಿ ಬರೆದುಕೊಡಿ. ಬಾಯಿಮಾತು ಸಾಲದು. ರಿಪೇರಿಯ ನಂತರ ಬಾಡಿಗೆ ಏರಿ ಹಳಬರೇ ಹೊರಗೆ ಹೋಗಬೇಕಾದರೆ ಈ ಕೆಲಸ ಯಾರಿಗಾಗಿ ಮಾಡಿದ್ದು?

ಹಂತ 3: ಕಟ್ಟಡದ ತಪಾಸಣೆ

ಇದು ನುರಿತ ಎಂಜಿನಿಯರ್ ಕೆಲಸ, ನಾನು ಚುಟುಕಾಗಿ ಹೇಳುತ್ತೇನೆ. ಕಾಂಕ್ರೀಟಿನೊಳಗಿನ ಕಬ್ಬಿಣ, ವೈರಿಂಗ್, ನೀರಿನ ಮತ್ತು ಚರಂಡಿ ಪೈಪು, ಚಾವಣಿ ಸೋರಿಕೆ, ಇಷ್ಟನ್ನು ಮೊದಲು ನೋಡಿಸಿ. ಹಳೆಯ ಶೀಟು, ಪೈಪಿನ ಹೊದಿಕೆ, ನೆಲದ ಟೈಲುಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರಬಹುದು. ಅದರ ದೂಳು ಶ್ವಾಸಕೋಶಕ್ಕೆ ವಿಷ. ಪರೀಕ್ಷೆ ಮಾಡಿಸದೆ ಡ್ರಿಲ್ ಹಾಕಬೇಡಿ.

ಮನೆಯ ಬಿಸಿ ಹೊರಗೆ ಹೋಗದಂತೆ, ಹೊರಗಿನ ಧಗೆ ಒಳಗೆ ಬರದಂತೆ ಗೋಡೆಗೆ ಪದರ ಹೊದಿಸುವುದು ಈಗ ಸಾಮಾನ್ಯ. ಇನ್ಸುಲೇಷನ್ ಅನ್ನುತ್ತಾರೆ. ಸೆಕೆ ಮತ್ತು ಚಳಿ ಎರಡೂ ಹಿರಿಯರಿಗೆ ಜಾಸ್ತಿ ತಟ್ಟುತ್ತವೆ, ಹಾಗಾಗಿ ಇದು ಬೇಕೇಬೇಕು. ಎರಡು ವಿಷಯ ಗಮನದಲ್ಲಿರಲಿ. ಕಿಟಕಿಯ ಸಂದುಗಳನ್ನೆಲ್ಲ ಮುಚ್ಚಿ ಗಾಳಿ ಆಡುವ ದಾರಿ ಬಿಡದಿದ್ದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ. ಎರಡನೆಯದು ಬೆಂಕಿ. ಲಂಡನ್ನಿನ ಗ್ರೆನ್‌ಫೆಲ್ ಟವರ್ 24 ಮಹಡಿಯ ಸಾಮಾಜಿಕ ವಸತಿ ಕಟ್ಟಡ. ನವೀಕರಣದಲ್ಲಿ ಅದರ ಹೊರಗೋಡೆಗೆ ಹಾಕಿದ ಹೊದಿಕೆಯೇ ಬೆಂಕಿಯನ್ನು ಮೇಲಿನವರೆಗೆ ಒಯ್ದಿತು. 2017ರ ಜೂನ್ 14ರ ಆ ದುರಂತದಲ್ಲಿ 72 ಜನ ಸತ್ತರು. ಓಡಾಡಲಾಗದವರನ್ನು ಹೊರತರುವುದು ಹೇಗೆಂಬ ಪ್ರತ್ಯೇಕ ಯೋಜನೆಯೂ ಅಲ್ಲಿರಲಿಲ್ಲ. ಆದ್ದರಿಂದ ಹೊದಿಕೆಯ ಪ್ರತಿ ಪದರದ ಬೆಂಕಿ ಪರೀಕ್ಷೆಯ ಕಾಗದ ಕೇಳಿ. ಚೆಂದ ಕಾಣುತ್ತದೆ, ಅಗ್ಗ ಎಂದು ಯಾರಾದರೂ ಸಾಮಾನು ಬದಲಿಸಲು ಬಂದರೆ ಮತ್ತೆ ಕಾಗದ ಕೇಳಿ.

ಹಂತ 4: ಮೆಟ್ಟಿಲು, ಲಿಫ್ಟ್, ಇಳಿಜಾರು

ಖರ್ಚೂ ಜಗಳವೂ ಜಾಸ್ತಿ ಆಗುವುದು ಇಲ್ಲೇ.

ಕೆಲವು ಹಳೆಯ ಕಟ್ಟಡಗಳಲ್ಲಿ ಲಿಫ್ಟ್ ಇದ್ದರೂ ಎಲ್ಲ ಮಹಡಿಯಲ್ಲಿ ನಿಲ್ಲುವುದಿಲ್ಲ. ಹಣ ಉಳಿಸಲು ಹಾಗೆ ಕಟ್ಟಿದ್ದು. ಸಿಂಗಪುರದ ಹಳೆಯ ಸರ್ಕಾರಿ ವಸತಿ ಕಟ್ಟಡಗಳಲ್ಲೂ ಇದೇ ಕಥೆ ಇತ್ತು. ಅಲ್ಲಿ 2001ರಲ್ಲಿ ಲಿಫ್ಟ್ ಸುಧಾರಣೆಯ ಯೋಜನೆ ಶುರುವಾಯಿತು. ಕಟ್ಟಡದ ಅರ್ಹ ಮನೆಗಳವರಲ್ಲಿ ಕನಿಷ್ಠ 75 ಶೇಕಡಾ ಮತ ಹಾಕಿ ಒಪ್ಪಿದರೆ ಮಾತ್ರ ಕೆಲಸ. ಈ ಮತದಾನದ ಕ್ರಮ ನನಗೆ ಹಿಡಿಸಿತು. ಜಗಳ ಕೆಲಸಕ್ಕೆ ಮೊದಲೇ ಮುಗಿದುಬಿಡುತ್ತದೆ.

ಲಿಫ್ಟೇ ಇಲ್ಲದ ಕಟ್ಟಡಕ್ಕೆ ಹೊರಗಿನಿಂದ ಲಿಫ್ಟ್ ಗೋಪುರ ಜೋಡಿಸಬಹುದು. ಇಲ್ಲಿ ಎಲ್ಲರೂ ಬೀಳುವ ಹಳ್ಳ ಒಂದಿದೆ. ಮೆಟ್ಟಿಲು ತಿರುಗುವ ಮಧ್ಯದ ಕಟ್ಟೆಗೆ ಲಿಫ್ಟ್ ಜೋಡಿಸುವುದು ಅಗ್ಗ. ಆದರೆ ಅಲ್ಲಿ ಇಳಿದವರು ಮನೆಗೆ ಹೋಗಲು ಮತ್ತೆ ಅರ್ಧ ಮಹಡಿ ಹತ್ತಬೇಕು ಅಥವಾ ಇಳಿಯಬೇಕು. ಕಾಲು ನೋವಿನವರಿಗೆ ಅಲ್ಪಸ್ವಲ್ಪ ಉಪಕಾರ, ವೀಲ್‌ಚೇರಿನವರಿಗೆ ಏನೂ ಇಲ್ಲ. ಆಗುವುದಾದರೆ ಲಿಫ್ಟ್ ನೇರ ಮನೆಯ ಮಟ್ಟಕ್ಕೇ ಬರಲಿ.

ಇನ್ನೊಂದು ತಕರಾರು ನೆಲಮಹಡಿಯವರದು. ಅವರಿಗೆ ಲಿಫ್ಟ್ ಬೇಕಿಲ್ಲ, ಬೆಳಕು ಮರೆಯಾಗುತ್ತದೆ, ಸದ್ದು ಬೇರೆ. ಅವರನ್ನು ಸುಮ್ನೆ ಸ್ವಾರ್ಥಿಗಳು ಅನ್ನಬೇಡಿ. ಚೀನಾದ ಹಳೆಯ ವಸತಿ ಕಟ್ಟಡಗಳಲ್ಲಿ ಲಿಫ್ಟ್ ಸೇರಿಸುವಾಗ ಇದೇ ಜಗಳ ದೊಡ್ಡದಾಯಿತು. ಅಲ್ಲಿ ಹಲವೆಡೆ ಮೇಲಿನ ಮಹಡಿಯವರು ಜಾಸ್ತಿ, ಕೆಳಗಿನವರು ಕಡಿಮೆ, ನೆಲಮಹಡಿಯವರು ಏನೂ ಇಲ್ಲ ಎಂಬ ಲೆಕ್ಕದಲ್ಲಿ ಖರ್ಚು ಹಂಚಿಕೊಂಡರು. ಗೋಪುರಕ್ಕೆ ಗಾಜಿನ ಗೋಡೆ ಹಾಕಿದರೆ ಬೆಳಕಿನ ದೂರೂ ಸ್ವಲ್ಪ ತಗ್ಗುತ್ತದೆ.

ಲಿಫ್ಟಿಗೆ ಹಣವೇ ಇಲ್ಲ ಅಂದರೆ? ಮೆಟ್ಟಿಲು ಹತ್ತಲಾಗದವರು ಬಯಸಿದರೆ ಅದೇ ಕಟ್ಟಡದ ನೆಲಮಹಡಿಗೆ ಮನೆ ಬದಲಾಯಿಸಿಕೊಳ್ಳುವ ಪಟ್ಟಿ ಮಾಡಿ. ಕಾಸು ಖರ್ಚಿಲ್ಲದ ಕೆಲಸ, ಯಾಕೋ ಯಾರಿಗೂ ನೆನಪಾಗುವುದಿಲ್ಲ.

ಇಳಿಜಾರಿನ, ಅಂದರೆ ರ‍್ಯಾಂಪಿನ ಲೆಕ್ಕ ಹೀಗಿದೆ. ಬಹಳ ದೇಶಗಳ ನಿಯಮ 1:12. ಒಂದು ಅಡಿ ಏರಲು 12 ಅಡಿ ಉದ್ದ. 15 ಸೆಂಟಿಮೀಟರಿನ ಮೂರು ಮೆಟ್ಟಿಲಿದ್ದರೆ ಏರು 45 ಸೆಂಟಿಮೀಟರ್, ರ‍್ಯಾಂಪ್ 5.4 ಮೀಟರ್ ಉದ್ದ ಬೇಕು. "ಜಾಗ ಇಲ್ಲ, ಸ್ವಲ್ಪ ಕಡಿದಾಗಿ ಮಾಡೋಣ" ಎಂದು ಗುತ್ತಿಗೆದಾರರು ಹೇಳುತ್ತಾರೆ. ಒಪ್ಪಬೇಡಿ. ಕಡಿದಾದ ರ‍್ಯಾಂಪ್ ಮೆಟ್ಟಿಲಿಗಿಂತ ಅಪಾಯ, ಅದೂ ಮಳೆಯಲ್ಲಿ. ರ‍್ಯಾಂಪ್ ಮಾಡಿದ ಮೇಲೂ ಮೆಟ್ಟಿಲು ಉಳಿಯಲಿ. ಮಂಡಿ ನೋವಿನ ಕೆಲವರಿಗೆ ಇಳಿಜಾರಿಗಿಂತ ಮೆಟ್ಟಿಲೇ ಹಿತ.

ಮೆಟ್ಟಿಲಿನ ಎರಡೂ ಬದಿಗೆ ಹಿಡಿಕಂಬಿ ಇರಲಿ. ಪಾರ್ಶ್ವವಾಯು ಆದವರಿಗೆ ಒಂದೇ ಕೈಯಲ್ಲಿ ಶಕ್ತಿ. ಹತ್ತುವಾಗ ಬಲಕ್ಕೆ ಸಿಕ್ಕ ಕಂಬಿ ಇಳಿಯುವಾಗ ಎಡಕ್ಕೆ ಹೋಗಿರುತ್ತದೆ, ಅಲ್ವಾ? ಕಂಬಿ ಕೊನೆಯ ಮೆಟ್ಟಿಲು ದಾಟಿ ಸುಮಾರು 30 ಸೆಂಟಿಮೀಟರ್ ಮುಂದಕ್ಕೆ ಬರಲಿ. ಪ್ರತಿ ಮೆಟ್ಟಿಲಿನ ಅಂಚಿಗೆ ಎದ್ದು ಕಾಣುವ ಬಣ್ಣದ ಪಟ್ಟಿ ಹಾಕಿ. ದೀಪಗಳನ್ನು ಹೆಚ್ಚಿಸಿ, ಆದರೆ ಕಣ್ಣಿಗೆ ಹೊಡೆಯದ ಹಾಗೆ. ಅರವತ್ತು ದಾಟಿದವರ ಕಣ್ಣಿನೊಳಗೆ ಇಪ್ಪತ್ತರವರ ಕಣ್ಣಿಗೆ ಹೋಗುವ ಬೆಳಕಿನ ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ ತಲುಪುತ್ತದೆ.

ಹಂತ 5: ಮನೆಯೊಳಗೆ, ಮೊದಲು ಬಚ್ಚಲು

ಸಿಂಗಪುರದಲ್ಲೇ 2012ರಲ್ಲಿ ಹಿರಿಯರ ಮನೆಗಳಿಗೆ ಸಣ್ಣ ಸಣ್ಣ ಬದಲಾವಣೆ ಮಾಡಿಕೊಡುವ ಈಸ್ ಎಂಬ ಯೋಜನೆ ಬಂತು. ಅದರಲ್ಲಿ ಇದ್ದದ್ದು ಇಷ್ಟೇ: ಹಿಡಿಕಂಬಿ, ಬಚ್ಚಲ ನೆಲ ಜಾರದಂತೆ ಮಾಡುವುದು, ಹೊಸ್ತಿಲ ಬಳಿ ರ‍್ಯಾಂಪ್. ಈ ಮೂರಕ್ಕೆ ಯಾವ ತಂತ್ರಜ್ಞಾನವೂ ಬೇಡ.

ಹಿಡಿಕಂಬಿಯನ್ನು ಟೈಲಿಗೆ ಅಂಟಿಸಬೇಡಿ, ಗೋಡೆಯ ಗಟ್ಟಿ ಭಾಗಕ್ಕೆ ಬೋಲ್ಟ್ ಮಾಡಿ. ಜಾರಿದ ಮನುಷ್ಯನ ಪೂರ್ತಿ ಭಾರ ಅದರ ಮೇಲೆ ಬೀಳುತ್ತದೆ. ಗೋಡೆ ಟೊಳ್ಳು ಇಟ್ಟಿಗೆಯದೋ ತೆಳು ಹಲಗೆಯದೋ ಆಗಿದ್ದರೆ ಒಳಗೆ ಆಧಾರದ ಪಟ್ಟಿ ಕೊಟ್ಟು ಹಾಕಬೇಕು. ಟವೆಲ್ ಹಾಕುವ ಕೋಲು ಹಿಡಿಕಂಬಿ ಅಲ್ಲ. ಆದರೂ ಜನ ಅದನ್ನೇ ಹಿಡಿಯುತ್ತಾರೆ, ಆದ್ದರಿಂದ ಅದನ್ನೂ ಗಟ್ಟಿಯಾಗಿಯೇ ಹಾಕಿಬಿಡಿ. ಬಿಳಿ ಗೋಡೆಗೆ ಬಿಳಿ ಕಂಬಿ ಬೇಡ, ಕಾಣುವುದಿಲ್ಲ.

ಬಾಗಿಲು ತೆರೆದಾಗ ಕನಿಷ್ಠ 80 ಸೆಂಟಿಮೀಟರಿಗಿಂತ ಹೆಚ್ಚು ಖಾಲಿ ಅಗಲ ಸಿಗಬೇಕು, 90 ಆದರೆ ನಿರಾಳ. ಅಳೆಯಬೇಕಾದದ್ದು ಚೌಕಟ್ಟನ್ನಲ್ಲ, ಬಾಗಿಲು ತೆರೆದ ಮೇಲೆ ಉಳಿಯುವ ಜಾಗವನ್ನು. ವೀಲ್‌ಚೇರ್ ತಿರುಗಲು 150 ಸೆಂಟಿಮೀಟರ್ ವ್ಯಾಸದ ಜಾಗ ಬೇಕು. ಹಳೆಯ ಬಚ್ಚಲಲ್ಲಿ ಇಷ್ಟು ಸಿಗುವುದು ಅಪರೂಪ. ಆಗ ಶೌಚಾಲಯ ಮತ್ತು ಬಚ್ಚಲ ನಡುವಿನ ಗೋಡೆ ತೆಗೆಯಬಹುದೇ ಎಂದು ಎಂಜಿನಿಯರನ್ನು ಕೇಳಿ. ಬಚ್ಚಲ ಬಾಗಿಲು ಹೊರಕ್ಕೆ ತೆರೆಯಲಿ, ಇಲ್ಲವೇ ಪಕ್ಕಕ್ಕೆ ಜಾರಲಿ. ಒಳಗೆ ಬಿದ್ದವರು ಬಾಗಿಲಿಗೇ ಅಡ್ಡವಾದರೆ ಒಳಕ್ಕೆ ತೆರೆಯುವ ಬಾಗಿಲನ್ನು ಯಾರೂ ತೆಗೆಯಲಾರರು.

ಹಂತ 6: ಅಂಗಳ ಮತ್ತು ರಸ್ತೆ

ಬೆಂಚಿಗೆ ಬೆನ್ನೊರಗು ಮತ್ತು ಕೈಯಾಸರೆ ಎರಡೂ ಬೇಕು. ಕೈಯಾಸರೆ ಇಲ್ಲದಿದ್ದರೆ ಕೂತವರು ಏಳಲಾರರು. ಎತ್ತರ ಸುಮಾರು 45 ಸೆಂಟಿಮೀಟರ್. 50 ಮೀಟರಿಗೆ ಒಂದರಂತೆ ಹಾಕಿದರೆ ಉಬ್ಬಸದವರೂ ಧೈರ್ಯವಾಗಿ ಹೊರಡುತ್ತಾರೆ. ಪಕ್ಕದಲ್ಲಿ ವೀಲ್‌ಚೇರ್ ನಿಲ್ಲುವಷ್ಟು ಗಟ್ಟಿ ನೆಲ ಬಿಡಿ. ಆಟದ ಜಾಗ ಕಾಣುವ ಹಾಗೆ ಬೆಂಚು ಹಾಕಿದರೆ ಅದು ಖಾಲಿ ಇರುವುದೇ ಇಲ್ಲ. ಹತ್ತಿರದಲ್ಲೊಂದು ಸಾರ್ವಜನಿಕ ಶೌಚಾಲಯ ಇರಲಿ. ಅದಿಲ್ಲದ ಕಾರಣಕ್ಕೇ ಮನೆ ಬಿಟ್ಟು ಹೊರಡದ ಹಿರಿಯರು ಬಹಳ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ರಸ್ತೆ ದಾಟುವ ಸಿಗ್ನಲಿನ ಸಮಯ ಲೆಕ್ಕ ಹಾಕಿ. ಸೆಕೆಂಡಿಗೆ 1.2 ಮೀಟರ್ ನಡಿಗೆ ಎಂದು ಹಿಡಿಯುವುದು ಬಹುಕಾಲದ ವಾಡಿಕೆ. 12 ಮೀಟರ್ ರಸ್ತೆಗೆ 10 ಸೆಕೆಂಡು. ಆದರೆ ಸೆಕೆಂಡಿಗೆ 0.8 ಮೀಟರ್ ನಡೆಯುವವರಿಗೆ 15 ಸೆಕೆಂಡು ಬೇಕು. ಕಳೆದುಹೋದ ಆ 5 ಸೆಕೆಂಡಿನಲ್ಲಿ ಅವರು ರಸ್ತೆಯ ನಡುವೆ ಇರುತ್ತಾರೆ.

ಹಂತ 7: ಈಗ ಬರಲಿ ಸ್ಮಾರ್ಟ್

ಸ್ಮಾರ್ಟ್ ಅಂದರೆ ಸಂಗತಿಯನ್ನು ತಾನೇ ಗಮನಿಸಿ ಸುದ್ದಿ ಮುಟ್ಟಿಸುವ ಸಾಧನಗಳ ಜಾಲ. ಗಮನಿಸುವ ಪುಟ್ಟ ಸಾಧನವೇ ಸೆನ್ಸರ್. ಯಾರಾದರೂ ಮಾರಲು ಬಂದಾಗ ಈ ಪ್ರಶ್ನೆಗಳನ್ನು ಕೇಳಿ:

- ಕರೆಂಟ್ ಹೋದಾಗ ಕೆಲಸ ಮಾಡುತ್ತದಾ? ಹಳೆಯ ತಾಮ್ರದ ತಂತಿಯ ಫೋನಿಗೆ ಟೆಲಿಫೋನ್ ಕೇಂದ್ರದಿಂದಲೇ ವಿದ್ಯುತ್ ಬರುತ್ತಿತ್ತು, ಮನೆಯಲ್ಲಿ ಕತ್ತಲಾದರೂ ಅದಕ್ಕೆ ಜೋಡಿಸಿದ, ಸಹಾಯಕ್ಕೆ ಕರೆಯುವ ತುರ್ತು ಗುಂಡಿ ನಡೆಯುತ್ತಿತ್ತು. ಫೈಬರ್ ಸಂಪರ್ಕಕ್ಕೆ ಬದಲಾದ ಮೇಲೆ ಬ್ಯಾಟರಿ ಆಸರೆ ಇಲ್ಲದಿದ್ದರೆ ಗುಂಡಿ ಮೂಕ.
- ರಾತ್ರಿ ಎರಡು ಗಂಟೆಗೆ ಗುಂಡಿ ಒತ್ತಿದರೆ ಯಾರು ಎತ್ತುತ್ತಾರೆ? ಯಾರು ಬಂದು ಬಾಗಿಲು ತೆಗೆಯುತ್ತಾರೆ? ಉತ್ತರದಲ್ಲಿ ಮನುಷ್ಯರು ಇಲ್ಲದಿದ್ದರೆ ಅದು ಸೇವೆಯಲ್ಲ, ಬರೀ ಸದ್ದು.
- ಬ್ಯಾಟರಿ ಬದಲಿಸುವವರು ಯಾರು? 200 ಮನೆ, ಮನೆಗೆ 4 ಸೆನ್ಸರ್ ಅಂದರೆ 800 ಬ್ಯಾಟರಿ. ನಿರ್ವಹಣೆಯ ಹಣವನ್ನು ಮೊದಲ ದಿನವೇ ಬೇರೆ ತೆಗೆದಿಡಿ.
- ಕಂಪನಿ ಮುಚ್ಚಿದರೆ ಸಾಧನ ಬೇರೆಯವರ ಜಾಲದಲ್ಲಿ ನಡೆಯುತ್ತದಾ?
- ಮಾಹಿತಿಯನ್ನು ಯಾರು ನೋಡುತ್ತಾರೆ, ಎಷ್ಟು ದಿನ ಇಡುತ್ತಾರೆ? ಬೇಡವೆಂದರೆ ಆರಿಸುವ ಗುಂಡಿ ಎಲ್ಲಿದೆ?

ಕೊನೆಯ ಪ್ರಶ್ನೆಯ ಬಗ್ಗೆ ಇನ್ನೊಂದು ಮಾತು. ಒಪ್ಪಿಗೆ ಕೊಡಬೇಕಾದವರು ಆ ಮನೆಯಲ್ಲಿರುವವರು, ದೂರದ ಮಕ್ಕಳಲ್ಲ. ಮಕ್ಕಳ ಕಳಕಳಿ ಅರ್ಥವಾಗುತ್ತದೆ. ಆದರೂ ಮಲಗುವ ಕೋಣೆಯಲ್ಲಿ ಕ್ಯಾಮೆರಾ ಬೇಡ. ಬಚ್ಚಲ ಬಾಗಿಲು ಬೆಳಿಗ್ಗೆಯಿಂದ ತೆರೆದಿಲ್ಲ ಎಂದು ತಿಳಿಸುವ ಸರಳ ಸೆನ್ಸರ್ ಸಾಕಷ್ಟು ಕೆಲಸ ಮಾಡುತ್ತದೆ.

ಯಾವ ಸೇವೆಯೂ ಆ್ಯಪಿನಲ್ಲಿ ಮಾತ್ರ ಸಿಗುವಂತೆ ಇರಬಾರದು. ಅದೇ ದೂರನ್ನು ಫೋನಿನಲ್ಲೂ, ಎದುರಿಗೆ ಬಂದೂ ಹೇಳುವಂತಿರಲಿ. ಬಚ್ಚಲಲ್ಲಿ ತುರ್ತು ದಾರ, ಅಂದರೆ ಎಳೆದರೆ ಸಹಾಯಕ್ಕೆ ಕರೆ ಹೋಗುವ ದಾರ ಹಾಕಿಸಿದರೆ ಅದು ನೆಲದ ಹತ್ತಿರದವರೆಗೆ ಇಳಿದಿರಬೇಕು. ಕಸ ಗುಡಿಸುವಾಗ ಅಡ್ಡ ಎಂದು ಅದನ್ನು ಮೇಲೆ ಗಂಟು ಹಾಕಿಟ್ಟಿರುತ್ತಾರೆ. ನೆಲದ ಮೇಲೆ ಬಿದ್ದವರಿಗೆ ಅದು ಎಟುಕುತ್ತದಾ? ಬೆಂಕಿ ಎಚ್ಚರಿಕೆಯ ಗಂಟೆ ಕೊಳ್ಳುವಾಗ ತಗ್ಗು ಸ್ವರದ್ದನ್ನು, ಅಂದರೆ 520 ಹರ್ಟ್ಸ್‌ನದ್ದನ್ನು ಕೇಳಿ. ವಯಸ್ಸಾದ ಕಿವಿ ಮೊದಲು ಕಳೆದುಕೊಳ್ಳುವುದು ಕೀಚಲು ಸ್ವರವನ್ನು.

ಹಂತ 8: ಜನರನ್ನು ಜೋಡಿಸಿ, ಹಣ ತೆಗೆದಿಡಿ

ನ್ಯೂಯಾರ್ಕಿನ ಪೆನ್ ಸೌತ್ ಒಂದು ಸಹಕಾರಿ ವಸತಿ ಸಮುಚ್ಚಯ. ಅಲ್ಲಿದ್ದವರಿಗೆಲ್ಲ ಅಲ್ಲೇ ವಯಸ್ಸಾಗುತ್ತಾ ಬಂದಾಗ, 1986ರಲ್ಲಿ ಅವರು ಸಮಾಜ ಕಾರ್ಯಕರ್ತರು ಮತ್ತು ದಾದಿಯರ ಸೇವೆಯನ್ನು ಸಮುಚ್ಚಯದೊಳಕ್ಕೇ ತಂದುಕೊಂಡರು. ವೃದ್ಧಾಶ್ರಮಕ್ಕೆ ಜನರನ್ನು ಕಳಿಸುವ ಬದಲು ಸೇವೆಯನ್ನೇ ಮನೆ ಬಾಗಿಲಿಗೆ ಕರೆಸಿದ ಹಾಗಾಯಿತು. ನೀವೂ ನೆಲಮಹಡಿಯ ಒಂದು ಮನೆಯನ್ನು ಇದಕ್ಕೆ ಬಿಡಿ. ವಾರಕ್ಕೊಮ್ಮೆ ರಕ್ತದೊತ್ತಡ ನೋಡುವವರು, ಫಾರಂ ತುಂಬಿಕೊಡುವವರು, ಫೋನ್ ಬಳಸಲು ಹೇಳಿಕೊಡುವ ಹುಡುಗರು ಅಲ್ಲಿ ಕೂರಲಿ. "ವೃದ್ಧರ ಕೇಂದ್ರ" ಎಂದು ಬೋರ್ಡು ಹಾಕಬೇಡಿ. ಎಂಬತ್ತಾದವರೂ ಅಲ್ಲಿಗೆ ಬರುವುದಿಲ್ಲ. ಅವರ ಪ್ರಕಾರ ವೃದ್ಧರು ಬೇರೆ ಯಾರೋ.

ಹಣ ಸಾಲದಿದ್ದರೆ, ಸಾಲುವುದಿಲ್ಲ ಅನ್ನಿ, ಎಲ್ಲ ಕಟ್ಟಡಕ್ಕೂ ಚೂರು ಚೂರು ಬಣ್ಣ ಬಳಿಯುವ ಬದಲು ಒಂದು ಕಟ್ಟಡದಲ್ಲಿ ಹಾಸಿಗೆಯಿಂದ ಬೆಂಚಿನವರೆಗಿನ ಇಡೀ ದಾರಿಯನ್ನು ಮುಗಿಸಿ. ಉಳಿದವರು ಬಂದು ನೋಡಲಿ. ಅಲ್ಲಿ ಆದ ತಪ್ಪು ಎರಡನೇ ಕಟ್ಟಡದಲ್ಲಿ ಆಗುವುದಿಲ್ಲ.

ಕೆಲಸ ಮುಗಿದ ಆರು ತಿಂಗಳಿಗೆ, ಮೊದಲ ದಿನ ಜೊತೆಗೆ ನಡೆದ ಅದೇ ಹಿರಿಯರನ್ನು ಕರೆಯಿರಿ. ಅದೇ ದಾರಿ, ಅದೇ ನೋಟ್‌ಬುಕ್. ಲಿಫ್ಟ್ ಎಷ್ಟು ದಿನ ಕೆಟ್ಟು ನಿಂತಿತ್ತು, ಯಾವ ಕಂಬಿ ಅಲುಗಾಡುತ್ತಿದೆ, ಯಾವ ದೀಪ ಹೋಗಿದೆ, ಬರೆದುಕೊಳ್ಳಿ. ರ‍್ಯಾಂಪಿನ ಬುಡಕ್ಕೆ ಯಾರೋ ಬೈಕ್ ನಿಲ್ಲಿಸಿರುತ್ತಾರೆ. ಅದನ್ನೂ ಬರೆದುಕೊಳ್ಳಿ.